ಸಣ್ಣ ಮೂಗಿಗೆ ಕೂಲಿಂಗ್ ಗ್ಲಾಸು

ಮದ್ದೂರು ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ. ಮೂವತ್ತು ವರ್ಷದ ಮೇಲಾಯಿತು. ದೊಡ್ಡವರು ಬರುತ್ತಾರೆ, ಕನ್ನಡಿ ನೋಡುತ್ತಾರೆ, ತೆಗೆದುಕೊಂಡು ಹೋಗುತ್ತಾರೆ. ಬರೆಯುವಂಥದ್ದು ಏನೂ ನಡೆಯುವುದಿಲ್ಲ. ಮಕ್ಕಳಿಗೆ ಕೂಲಿಂಗ್ ಗ್ಲಾಸು ಬೇಕು ಅಂತ ಬಂದರೆ ಮಾತ್ರ ಏನಾದರೂ ಒಂದು ಆಗಿಯೇ ತೀರುತ್ತದೆ. ಹೋದ ಬೇಸಿಗೆಯದನ್ನಷ್ಟೇ ಹೇಳುತ್ತೇನೆ.

೧. ಹನ್ನೊಂದನೆಯದು

ಮಳವಳ್ಳಿ ಕಡೆಯ ಹಳ್ಳಿಯಿಂದ ಮೂವರು ಬಂದರು. ಅಜ್ಜಿ, ಸೊಸೆ, ಆರು ವರ್ಷದ ಮೊಮ್ಮಗಳು. ಮಗುವಿನ ಕಣ್ಣಿಗೆ ಹುಟ್ಟಿನಿಂದಲೂ ಬಿಸಿಲು ತಡೆಯುವುದಿಲ್ಲ. ಹೊರಗೆ ಬಂದರೆ ಕಣ್ಣು ಮುಚ್ಚಿಕೊಂಡೇ ನಡೆಯುತ್ತದೆ. ಎರಡೂ ಮೊಣಕಾಲಲ್ಲಿ ಬಿದ್ದ ಗಾಯ. ಮಂಡ್ಯದ ಕಣ್ಣಿನ ಡಾಕ್ಟರು ಕಪ್ಪು ಕನ್ನಡಕ ಹಾಕಲೇಬೇಕು ಅಂತ ಚೀಟಿ ಬರೆದಿದ್ದರು. ಊರಿಗೆ ಹೋಗಲು ಮದ್ದೂರಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಬೋರ್ಡು ಕಂಡಿತಂತೆ.

ಜೂನ್‌ನಲ್ಲಿ ಒಂದನೇ ಕ್ಲಾಸು. ಶಾಲೆಗೆ ಗದ್ದೆ ಬಯಲಲ್ಲಿ ಒಂದು ಮೈಲಿ ನಡೆಯಬೇಕು. ಕನ್ನಡಕ ಹಾಕಿದರೆ ಶಾಲೆ, ಇಲ್ಲದಿದ್ದರೆ ಮನೆ. ಸೊಸೆ ಹೇಳಿದ್ದು ಇಷ್ಟು.

ಮೊದಲನೆಯದನ್ನು ಹಾಕಿದೆ. ಮಗು ಬೀದಿ ಕಡೆ ತಿರುಗಿತು. ಕಣ್ಣು ಬಿಟ್ಟಿತು. ಎದುರಿನ ಎಳನೀರು ಗಾಡಿ ನೋಡಿ ನಕ್ಕಿತು. ಆಗ ಅಜ್ಜಿ ಬಾಯಿ ಬಿಟ್ಟಳು.

"ಇದೇನವ್ವ, ಕಣ್ಣುಬೇನೆ ಬಂದೋಳಂಗೆ ಕಾಣ್ತಾಳೆ."

ನಮ್ಮ ಕಡೆ ಕಣ್ಣು ಕೆಂಪಾಗಿ ಮದ್ರಾಸ್ ಐ ಬಂದರೆ ಮೊದಲು ಕಪ್ಪು ಕನ್ನಡಕ ಹಾಕುತ್ತಾರೆ. ಹಾಕಿದವರನ್ನು ನೋಡಿದರೂ ಅಂಟುತ್ತದೆ ಅಂತ ಜನ ನಂಬಿದ್ದಾರೆ. ನೋಡಿದರೆ ಅಂಟುವುದಿಲ್ಲ ಅಂತ ಡಾಕ್ಟರು ಹೇಳುತ್ತಾರೆ. ಅದನ್ನೂ ಜನ ದೂರ ನಿಂತೇ ಕೇಳುತ್ತಾರೆ.

ಮಗು ಕನ್ನಡಕ ಕಿತ್ತು ಮೇಜಿನ ಮೇಲೆ ಇಟ್ಟಿತು. ಆಮೇಲೆ ಕೆಂಪು ಫ್ರೇಮು, ನೀಲಿ ಫ್ರೇಮು, ಚಿಟ್ಟೆ ಚಿತ್ರದ್ದು, ಬೆಕ್ಕಿನ ಕಿವಿಯದ್ದು, ಯಾವುದೂ ಆಗಲಿಲ್ಲ. ಹತ್ತು ಮುಗಿದವು. ಹನ್ನೊಂದನೆಯದನ್ನು ತೆಗೆದು ನನ್ನ ಮೂಗಿನ ತುದಿಗೆ ಸಿಕ್ಕಿಸಿತು.

"ಈಗ ನಿಂಗೇ ಕಣ್ಣುಬೇನೆ ಕಣ್ ತಾತ" ಅಂದಿತು.

ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

೨. ಬೆಳೆಯುವ ಮಗು

ನಿಡಘಟ್ಟದಿಂದ ಒಬ್ಬ ತಂದೆ ಬಂದ. ಮಗನಿಗೆ ಮೊದಲ ವರ್ಷದ ಹುಟ್ಟುಹಬ್ಬ. ಫೋಟೋಗೆ ಕೂಲಿಂಗ್ ಗ್ಲಾಸು ಬೇಕು. ಮಗುವಿನ ಮುಖ ಅಳೆದು ಸರಿಯಾದದ್ದು ಕೊಟ್ಟೆ. ಅವನಿಗೆ ಸಮಾಧಾನವಾಗಲಿಲ್ಲ.

"ಬೆಳೆಯೋ ಮಗು ಕಣಣ್ಣ. ಎರಡು ಸೈಜು ದೊಡ್ಡದು ಕೊಡು."

ನಾವು ಯೂನಿಫಾರಂ ಹಾಗೇ ಹೊಲಿಸುತ್ತೇವೆ, ಚಪ್ಪಲಿಯನ್ನೂ ಹಾಗೇ ಕೊಳ್ಳುತ್ತೇವೆ. ಅದು ಸರಿ. ಪ್ಯಾಂಟಿನ ಅಂಚು ಮಡಿಸಿ ಹೊಲಿದಂತೆ ಕನ್ನಡಕವನ್ನು ಮಡಿಸಿ ಹೊಲಿಯಲು ಬರುವುದಿಲ್ಲ ಅಂದೆ. ಕೇಳಲಿಲ್ಲ. ದೊಡ್ಡದನ್ನೇ ಒಯ್ದ.

ವಾರದ ಮೇಲೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ಮಗು ನಡುವೆ ಕೂತಿದೆ. ಮೂಗಿನ ಮೇಲೆ ಕನ್ನಡಕ ಇದೆ. ಅದರ ಒಂದು ಕಡ್ಡಿಯನ್ನು ಅಪ್ಪ ಹಿಡಿದಿದ್ದಾನೆ, ಇನ್ನೊಂದನ್ನು ಸೋದರಮಾವ ಹಿಡಿದಿದ್ದಾನೆ. ಇಬ್ಬರೂ ಕ್ಯಾಮರಾ ನೋಡಿ ನಗುತ್ತಿದ್ದಾರೆ. ಕೇಕು ಹಾಗೇ ಇದೆ, ಕತ್ತರಿಸಲು ಯಾರಿಗೂ ಕೈ ಬಿಡುವಿಲ್ಲ.

"ಎಂಗದೆ?" ಅಂದ.

"ಚೆನ್ನಾಗಿದೆ. ಇನ್ನು ನಾಲ್ಕು ವರ್ಷ ಇಬ್ಬರೂ ಕೈ ಬಿಡಬೇಡಿ" ಅಂದೆ.

೩. ಸ್ಟ್ರಾಂಗು

ಹೋಟೆಲಿನವರೊಬ್ಬರು ಮಗನನ್ನು ಕರೆತಂದರು. ಎಂಟು ವರ್ಷದವನು. ಅವನಿಗೆ ಇದ್ದುದರಲ್ಲೇ ಅತಿ ಕಪ್ಪಾದ ಗಾಜು ಬೇಕೆಂದರು. ಕಾಫಿ ಡಿಕಾಕ್ಷನ್ನು ಕಪ್ಪಗಿದ್ದಷ್ಟೂ ಸ್ಟ್ರಾಂಗು, ಗಾಜೂ ಹಾಗೆ ಅಂತ ಅವರ ಲೆಕ್ಕ.

ಹಾಗಲ್ಲ ಅಂದೆ. ಕಪ್ಪಿಗೂ ಕಾಪಾಡುವುದಕ್ಕೂ ಸಂಬಂಧ ಇಲ್ಲ. ಬಿಸಿಲಿನ ಕೆಟ್ಟ ಕಿರಣವನ್ನು ಗಾಜು ತಡೆಯಬೇಕು, ಅಷ್ಟೆ. ಬರೀ ಕಪ್ಪಿದ್ದು ತಡೆಯದೆ ಹೋದರೆ ಕಣ್ಣಿನ ಪಾಪೆ ಅಗಲವಾಗಿ ಇನ್ನಷ್ಟು ಕಿರಣ ಒಳಗೆ ಹೋಗುತ್ತದೆ. ದಿನವೆಲ್ಲ ಆಡುವ ಮಾತನ್ನು ನಾನು ಅಲ್ಲೇ ಖರ್ಚು ಮಾಡಿದೆ. ಅವರು ತಲೆ ಆಡಿಸಿ, ಆದರೂ ಕಪ್ಪಗಿರೋದೇ ಕೊಡಿ ಅಂದರು.

ಅಂಥ ಗಾಜಿನ ದೊಡ್ಡವರ ಕನ್ನಡಕ ಒಂದಿತ್ತು. ಪರೀಕ್ಷೆ ಮಾಡುತ್ತೇನೆ ಅಂತ ತಾವೇ ಹಾಕಿಕೊಂಡರು. ಮಗನ ಕೈ ಹಿಡಿದು ಬೀದಿಗೆ ಇಳಿದರು. ರಸ್ತೆ ದಾಟುವವರೆಗೂ ಹೋದರು.

ಅದು ಬೇರೆ ಯಾರದೋ ಮಗ. ಅವರ ಮಗ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ.

"ಕೂಗ್ಲಾ ತಾತ?" ಅಂತ ಕೇಳಿದ.

"ತಾಳು. ಎಷ್ಟು ಸ್ಟ್ರಾಂಗು ಅಂತ ನೋಡೋಣ" ಅಂದೆ.

೪. ಸೊಳ್ಳೆ

ಒಬ್ಬಳು ತಾಯಿ ಒಂಬತ್ತು ತಿಂಗಳ ಮಗು ಎತ್ತಿಕೊಂಡು ಬಂದಳು. ಅಷ್ಟು ಎಳೆಯ ಮಗುವಿಗೆ ನೆರಳು ಮತ್ತು ಟೋಪಿ ಸಾಕು ಅಂದೆ. ಮದುವೆಗೆ ಸ್ಕೂಟರಿನಲ್ಲಿ ಹೋಗಬೇಕು, ಎದುರು ಬಿಸಿಲು ಅಂದಳು. ಮೆತ್ತಗಿನ ರಬ್ಬರು ಫ್ರೇಮು, ಒಡೆಯದ ಗಾಜು, ಹಿಂದೆ ಕಟ್ಟುವ ಪಟ್ಟಿ ಇರುವುದನ್ನು ಕೊಟ್ಟೆ. ಮಗು ಹಾಯಾಗಿ ಹಾಕಿಕೊಂಡಿತು.

ಮೂರನೇ ದಿನ ವಾಪಸು ಬಂದಳು. ಗಾಜು ಸರಿಯಿಲ್ಲ ಅಂತ ದೂರು. ಕನ್ನಡಕ ಹಾಕಿದ ಕೂಡಲೇ ಮಗು ಸೊಳ್ಳೆ ಹೊಡೆಯುವ ಹಾಗೆ ಎರಡೂ ಕೈ ಬೀಸುತ್ತದಂತೆ. ಮದುವೆ ಮನೆಯಲ್ಲಿ ಪುರೋಹಿತರ ಕೆನ್ನೆಗೂ ಒಂದು ಬಿತ್ತಂತೆ.

ಕನ್ನಡಕ ಕೈಗೆ ತೆಗೆದುಕೊಂಡೆ. ಎಡಗಡೆ ಗಾಜಿನ ನಡುವೆ ಕಾಡಿಗೆಯ ದೊಡ್ಡ ಬೊಟ್ಟು.

ಇದೇನು ಅಂದೆ.

"ದೃಷ್ಟಿಬೊಟ್ಟು ಕಣಣ್ಣ. ಕೆನ್ನೆಗಿಟ್ರೆ ಕನ್ನಡ್ಕದಡಿ ಮುಚ್ಚೋಯ್ತದೆ. ಯಾರ್ಗೂ ಕಾಣ್ದಿದ್ರೆ ಇಟ್ಟೇನು ಪ್ರಯೋಜ್ನ?"

ಬಟ್ಟೆಯಿಂದ ಒರೆಸಿ ಮಗುವಿಗೆ ಹಾಕಿದೆ. ಹಣೆಗೆ ಇಡು ಅಂದೆ. ಮಗುವಿನ ಕೈ ನಿಂತಿತು. ರಿಪೇರಿ ಇಷ್ಟು ಬೇಗ ಆಯಿತಲ್ಲ ಅಂತ ಅವಳಿಗೇ ಅನುಮಾನ. ಇನ್ನೊಂದು ಸಲ ಒರೆಸಿಸಿಕೊಂಡು ಹೋದಳು.

೫. ಕಿಟಕಿ ಸೀಟು

ಮೇ ತಿಂಗಳು ಮುಗಿಯುತ್ತಾ ಬಂತು. ಮಳವಳ್ಳಿ ಮಗು ಬೇಡವೆಂದ ಹನ್ನೊಂದನ್ನೂ ನಾನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ಯಾಕೆಂದು ಹೆಂಡತಿ ಕೇಳಿದಳು. ಸುಮ್ಮನೆ ಅಂದೆ.

ಶಾಲೆಗೆ ನಾಲ್ಕು ದಿನ ಇರುವಾಗ ಮತ್ತೆ ಮೂವರೂ ಬಂದರು. ಮಂಡ್ಯದ ಡಾಕ್ಟರು ಅಜ್ಜಿಗೇ ಬೈದು ಕಳಿಸಿದ್ದರಂತೆ. ಮಗುವಿನ ಮೊಣಕೈಯಲ್ಲಿ ಹೊಸ ಗಾಯ ಇತ್ತು. ಡಬ್ಬಿ ತೆರೆದೆ. ಮಗು ಕೈ ಹಿಂದಕ್ಕೆ ಕಟ್ಟಿಕೊಂಡಿತು.

"ಅಜ್ಜಿ ಕಣ್ಣುಬೇನೆ ಅಂತಾಳೆ. ನಾ ಆಕ್ಕಳಲ್ಲ."

ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ಚಾವಣಿ ನೋಡಿದಳು. ಶಾಲೆ ಬುಡು, ಇನ್ನೊಂದು ವರ್ಷ ಮನೇಲಿರ್ಲಿ ಅಂತ ಗೊಣಗಿದಳು. ಸೊಸೆಯ ಕಣ್ಣಲ್ಲಿ ನೀರು ಬಂತು.

ನಾನು ದೊಡ್ಡವರ ಡ್ರಾಯರು ಎಳೆದೆ. ಒಂದು ತೆಗೆದು ಅಜ್ಜಿಯ ಮುಂದೆ ಇಟ್ಟೆ.

"ಮೊದ್ಲು ನೀನಾಕ್ಕೊ ಕಣಮ್ಮ."

ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು ಹಾಕಿದಳು. ಸೊಸೆಯೂ ಒಂದು ಹಾಕಿಕೊಂಡಳು. ಮಗು ಅಜ್ಜಿಯ ಸುತ್ತ ಒಂದು ಸುತ್ತು ಬಂದು ನೋಡಿತು. ಡಬ್ಬಿಗೆ ಕೈ ಹಾಕಿ ಮೊದಲನೆಯ ದಿನ ಮೊದಲು ಹಾಕಿದ್ದನ್ನೇ ತೆಗೆದುಕೊಂಡಿತು. ಮೂವರೂ ಸಾಲಾಗಿ ಬಸ್ ನಿಲ್ದಾಣಕ್ಕೆ ಹೋದರು. ಮಗು ಎಲ್ಲಿಯೂ ಎಡವಲಿಲ್ಲ. ಎಡವಿದವಳು ಅಜ್ಜಿ.

ಮುಂದಿನದು ಬಸ್ಸಿನಲ್ಲಿ ಆದದ್ದು. ತಿಂಗಳ ಮೇಲೆ ಅಜ್ಜಿ ಒಬ್ಬಳೇ ಬಂದು ಹೇಳಿದಳು.

ಮಳವಳ್ಳಿಯ ಪ್ರೈವೇಟ್ ಬಸ್ಸು. ಕಾಲಿಡಲು ಜಾಗವಿಲ್ಲ. ಇವರು ಮೂವರು ಕಪ್ಪು ಕನ್ನಡಕದಲ್ಲಿ ಹತ್ತಿದರು. ಮುಂದೆ ಕೂತಿದ್ದವನೊಬ್ಬ ನೋಡಿದ. ಥಟ್ಟನೆ ಮುಖ ತಿರುಗಿಸಿ ಎದ್ದು ಹಿಂದಕ್ಕೆ ಹೋದ. ಅವನ ಪಕ್ಕದವನೂ ಎದ್ದ. ಎದುರಿನ ಸೀಟಿನ ಹೆಂಗಸು ತನ್ನ ಮಕ್ಕಳ ಕಣ್ಣು ಮುಚ್ಚಿ ಎಳೆದುಕೊಂಡು ಹೋದಳು. ಎರಡು ನಿಮಿಷದಲ್ಲಿ ಮುಂದಿನ ಅರ್ಧ ಬಸ್ಸು ಖಾಲಿ. ಹಿಂದಿನ ಅರ್ಧದಲ್ಲಿ ಒಬ್ಬರ ಮೇಲೊಬ್ಬರು. ಅಜ್ಜಿಗೆ ಕಿಟಕಿ ಸೀಟು, ಸೊಸೆಗೆ ಕಿಟಕಿ ಸೀಟು, ಬುಟ್ಟಿಗೂ ಒಂದು ಸೀಟು. ಕಂಡಕ್ಟರು ದೂರದಿಂದಲೇ ಕೈ ಚಾಚಿ, ಮುಖ ಆ ಕಡೆ ಮಾಡಿಕೊಂಡು ಟಿಕೆಟ್ಟು ಕೊಟ್ಟ.

ಮಗುವಿಗೆ ಅಯ್ಯೋ ಅನಿಸಿತಂತೆ. ಸೀಟಿನ ಮೇಲೆ ಎದ್ದು ನಿಂತು ಹಿಂದಕ್ಕೆ ತಿರುಗಿತು.

"ನಮ್ಗೆ ಕಣ್ಣುಬೇನೆ ಇಲ್ಲ ಕಣ್ರೀ, ಬನ್ನಿ ಕೂತ್ಕಳಿ" ಅಂತ ಕೂಗಿತು.

ಅಜ್ಜಿ ಅದರ ಲಂಗ ಹಿಡಿದು ಕೂರಿಸಿದಳು. "ಸುಮ್ಕಿರ್ಲೇ, ಮಳವಳ್ಳಿ ಬರ್ಲಿ" ಅಂದಳು.

ಇಷ್ಟನ್ನೂ ಅಜ್ಜಿ ನಗದೆ ಹೇಳಿದಳು. ನಾನು ಮಗುವಿನ ವಿಚಾರ ಕೇಳಿದೆ. ದಿನಾ ಶಾಲೆಗೆ ಹೋಗುತ್ತದೆ, ಗದ್ದೆ ಬದುವಿನ ಮೇಲೆ ಓಡುತ್ತದೆ, ಮಲಗುವಾಗಲೂ ಕನ್ನಡಕ ಬಿಚ್ಚುವುದಿಲ್ಲ ಅಂದಳು. ಮೊಣಕಾಲಿನ ಗಾಯ ಒಣಗಿದೆ ಅಂದಳು.

ಹಾಗಾದರೆ ಸ್ಕ್ರೂ ಸಡಿಲವಾಗಿರಬೇಕು, ಮಗುವಿನ ಕನ್ನಡಕ ತಂದಿರಬೇಕು ಅಂತ ಕೈ ಚಾಚಿದೆ. ಅಜ್ಜಿ ಸೊಂಟದ ಎಲೆಅಡಿಕೆ ಚೀಲದಿಂದ ತನ್ನದನ್ನು ತೆಗೆದು ಕೊಟ್ಟಳು.

"ಅವಳ್ದು ಸರ್ಯಾಗೇ ಅದೆ. ನಂದು ಬಿಗಿ ಮಾಡ್ಕೊಡಣ್ಣ. ನಾಳೆ ಮಂಡ್ಯಕ್ಕೋಗ್ಬೇಕು, ಸಂತೆ ದಿನ. ಬಸ್ಸು ಬಾಳ ರಶ್ಶು."