ವ್ಯಾಪಾರ ಬಿದ್ದಾಗ ಏರಿದ ದೇವದುರ್ಗ

ಏರುವವರನ್ನೂ ಇಳಿಯುವವರನ್ನೂ ಒಂದೇ ಕಣ್ಣಿನಿಂದ ನೋಡುವ ಶಿವನೇ, ಮೊದಲು ನಿನಗೆ ಶರಣು.

ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲಿನ ಸರ್ವೆ ಗುಮಾಸ್ತ. ವ್ಯಾಪಾರ ಏರಿದಾಗ ಒಬ್ಬ ಆಳಿನ ಕೆಲಸ ಎಷ್ಟು ಹೆಚ್ಚಿತು, ಬಿದ್ದಾಗ ಎಷ್ಟು ತಗ್ಗಿತು ಎಂದು ಊರೂರು ತಿರುಗಿ ಬರೆದು ತರುವುದು ನನ್ನ ಕಾಯಕ. ಮನುಷ್ಯರನ್ನು ಕೇಳಿ ಬರೆಯುವ ಕೆಲಸದಲ್ಲಿ ಈಗ ಹೇಳಲಿರುವಂಥವು ನಡೆಯುತ್ತಲೇ ಇರುತ್ತವೆ.

೧. ಮಾನ್ವಿಯ ನಿಟ್ಟುಸಿರು

ಅಕ್ಕಿಯ ದರ ಏರಿದ್ದ ವರ್ಷ. ಅಕ್ಕಿ ಮಿಲ್ಲಿನ ಮುಂದೆ ಲಾರಿಗಳ ಸಾಲು. ಹಣೆತುಂಬ ವಿಭೂತಿ ಧರಿಸಿದ್ದ ಧಣಿಗಳನ್ನು, "ವ್ಯಾಪಾರ ಹೆಂಗದ್ರೀ?" ಎಂದು ಕೇಳಿದೆ.

"ಎಲ್ಲಿ ವ್ಯಾಪಾರ್ರೀ ಯಪ್ಪಾ, ಮುಳುಗೇ ಹೋಗೀವಿ."

ಹಿಂದಿನಿಂದ ಒಬ್ಬ ಡ್ರೈವರ್, "ಧಣೇರ, ಜರಾ ಸರೀರಿ, ಹಿಂದ ಇನ್ನಾ ನಾಕು ಗಾಡಿ ನಿಂತಾವ" ಎಂದ.

ವಿಭೂತಿ ಧರಿಸಿದವರು ಸುಳ್ಳಾಡಲಾರರು ಎಂದು ನಂಬಿ, 'ವ್ಯಾಪಾರ ಕುಸಿದಿದೆ' ಎಂದು ಬರೆದೆ. ಕಷ್ಟ ತೀರಲೆಂದು ಅವರ ಹೆಸರಿನಲ್ಲಿ ಗುಡಿಯಲ್ಲಿ ಕಾಯಿ ಒಡೆಸಿ, ಪ್ರಸಾದ ಒಯ್ದು ಕೊಟ್ಟೆ.

"ಚಲೋ ಅದ ಅಂದ್ರ ದೃಷ್ಟಿ ತಾಕ್ತದಲ್ರೀ" ಎಂದರು ಧಣಿಗಳು ಮೆಲ್ಲಗೆ. "ಪ್ರಸಾದ ಮಾತ್ರ ವ್ಯಾಳ್ಯಾಕ್ಕ ಬಂತು. ನಾಳಿ ಎರಡನೇ ಮಿಲ್ಲಿನ ಪಾಯಾ ಪೂಜಿ ಅದ."

೨. ಅದೇ ಮಿಲ್ಲು

ಮರುವರ್ಷ ದರ ಬಿತ್ತು. ಹೋದರೆ ಮಿಲ್ಲು ಗಡಗಡ ಸಪ್ಪಳ ಮಾಡುತ್ತಿದೆ. "ಶಿವನ ದಯಾದಿಂದ ಭಾಳ ಚಲೋ ನಡದದ" ಎಂದರು ಧಣಿಗಳು. ಒಳಗೆ ಇಣುಕಿದೆ. ಒಂದು ಕಾಳು ಭತ್ತವಿಲ್ಲ, ಯಂತ್ರ ಖಾಲಿ ತಿರುಗುತ್ತಿದೆ.

"ಸಪ್ಪಳ ನಿಂತ್ರ ಬಜಾರದಾಗ ಮಂದಿ ಮಾತಾಡ್ತಾರ್ರೀ."

ನನ್ನ ಫಾರಮ್ಮಿನಲ್ಲಿ ಯಂತ್ರ ಎಷ್ಟು ತಾಸು ಓಡಿತು ಎಂಬ ಕಲಮಿತ್ತು, ಅಕ್ಕಿ ಬಂತೇ ಎಂಬ ಕಲಮಿರಲಿಲ್ಲ. ಇದ್ದುದನ್ನು ತುಂಬಿದೆ.

ನಮ್ಮ ಕಚೇರಿಯ ಸಾಹೇಬರು ಕರೆಸಿದರು. "ಏರಿದಾಗ ಇಳೀತು ಅಂತಿ, ಬಿದ್ದಾಗ ಏರಿತು ಅಂತಿ. ಇನ್ನೊಂದು ವರದಿ ತಪ್ಪಾದ್ರ ನಿನ್ನ ಗುತ್ತಿಗಿ ಮುಗೀತು. ಇನ್ನ ಯಾರನ್ನೂ ಕೇಳಬ್ಯಾಡ, ಕಣ್ಣಿಲೆ ನೋಡಿ ಎಣಿಸು."

"ಈ ಎರಡರಾಗ ತಪ್ಪು ಯಾವುದ್ರೀ?" ಎಂದೆ.

ಎರಡೂ ವರದಿ ತಿರುವಿ ಹಾಕಿ, "ಅದು ನಿನಗ ಗೊತ್ತಿರಬೇಕು" ಎಂದರು.

೩. ದೇವದುರ್ಗದ ಎರಡು ಗೋಡೆ

ಅಲ್ಲಿನ ಹತ್ತಿ ಮಿಲ್ಲಿನಲ್ಲೂ ವ್ಯಾಪಾರ ಬಿದ್ದಿತ್ತು. ಬಾಯಿ ಬಿಡದೆ ಗೋದಾಮಿನ ಬಾಗಿಲೆದುರು ಬೇವಿನ ಮರದ ಕೆಳಗೆ ಕೂತು ಎಣಿಸಿದೆ. ಆರು ಹಮಾಲರು ಸಂಜೆವರೆಗೆ ಗೋದಾಮಿನಲ್ಲಿ ಚೀಲ ಹೊರುತ್ತಲೇ ಇದ್ದರು. ಹಳೆಯ ಲೆಕ್ಕದಲ್ಲಿದ್ದ ಒಳ್ಳೆಯ ದಿನಗಳ ಎರಡರಷ್ಟು! ಇಂಥ ನಿಷ್ಠೆಗೆ ನನ್ನ ಕಣ್ಣು ತುಂಬಿ ಬಂತು.

'ವ್ಯಾಪಾರ ಬಿದ್ದರೂ ಕೆಲಸ ಎರಡರಷ್ಟು' ಎಂಬ ನನ್ನ ವರದಿ ಮೇಲೆ ಹೋಗಿ, ಬೆಂಗಳೂರಿನಿಂದ ದೊಡ್ಡ ಸಾಹೇಬರೇ ನೋಡಲು ಬಂದರು. ಹಮಾಲರ ಮೇಸ್ತ್ರಿ ಚಾಚಾನನ್ನು, "ಇದು ಹೇಗೆ ಸಾಧ್ಯವಾಯ್ತು?" ಎಂದು ಕೇಳಿದರು.

"ವ್ಯಾಪಾರ ಇದ್ದಾಗ ಮಾಲು ಲಾರಿ ಏರಿ ಹೋಗಿಬಿಡ್ತದ್ರೀ. ಮುಂದಿನ ಲಾರಿ ಬರೋತನಕ ಸುಮ್ನ ಕೂಡಬೇಕು. ಈಗ ಮಾಲು ಎಲ್ಲೂ ಹೋಗಂಗಿಲ್ಲ, ಧಣಿ ನಮ್ಮನ್ನ ಕೆಲಸದಿಂದ ಬಿಡ್ಸಂಗಿಲ್ಲ. ಕೂತು ಕೂಲಿ ತಿನ್ನೋದು ಹರಾಮ್. ಅದಕ್ಕ ಮುಂಜಾನಿ ಆ ಗೋಡಿಂದ ಈ ಗೋಡಿಗೆ ಒಯ್ತೀವಿ, ಮಧ್ಯಾಹ್ನ ಈ ಗೋಡಿಂದ ಆ ಗೋಡಿಗೆ."

ನನ್ನ ಗುತ್ತಿಗೆ ಹೋಯಿತೆಂದು ಕಣ್ಣು ಮುಚ್ಚಿ ಶಿವನಾಮ ಜಪಿಸತೊಡಗಿದೆ. ದೊಡ್ಡ ಸಾಹೇಬರು ಎಲ್ಲವನ್ನೂ ಬರೆದುಕೊಂಡು, "ಇದನ್ನು ಬೇರೆ ತಾಲೂಕುಗಳಲ್ಲೂ ಮಾಡಬಹುದಾ?" ಎಂದರು.

"ಯಾಕಾಗಂಗಿಲ್ರೀ" ಎಂದ ಚಾಚಾ. "ಎರಡು ಗೋಡಿ ಇದ್ರ ಸಾಕು."

ನನ್ನ ಗುತ್ತಿಗೆ ಒಂದು ವರ್ಷ ಮುಂದುವರಿದಿದೆ. ಕೆಲಸ ಏರಿತೋ ಇಳಿಯಿತೋ ನನಗಿನ್ನೂ ತಿಳಿದಿಲ್ಲ. ಸದ್ಯಕ್ಕೆ ದೊಡ್ಡ ಸಾಹೇಬರ ಹುಕುಮಿನಂತೆ ಊರೂರಿನ ಗೋದಾಮಿನ ಗೋಡೆ ಎಣಿಸುತ್ತಿದ್ದೇನೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರ ಕೈಗೆ ಕೆಲಸವನ್ನೂ ಕೆಲಸಕ್ಕೆ ಅನ್ನವನ್ನೂ ಆ ಶಿವ ತಪ್ಪದೆ ಕೊಡಲಿ.