ಸಮುದ್ರದಲ್ಲಿ ಎಂಟನೆಯವನು

ನನಗೆ ಈಜು ಬರುತ್ತದೆ ಎಂದು ನಾನು ಯಾರಿಗೂ ಬಾಯಿ ಬಿಟ್ಟು ಹೇಳಿದವನಲ್ಲ. ಬರುವುದಿಲ್ಲ ಎಂದೂ ಹೇಳಿದವನಲ್ಲ. ನನ್ನ ಬದುಕಿನ ಮುಖ್ಯ ಅನಾಹುತಗಳೆಲ್ಲ ಈ ಎರಡು ಮಾತುಗಳ ನಡುವೆ ಸುಮ್ಮನೆ ಕುಳಿತುಬಿಟ್ಟದ್ದರಿಂದಲೇ ಆದವು. ಯಾರಾದರೂ ನನ್ನ ಬಗ್ಗೆ ಒಂದು ಒಳ್ಳೆಯ ಸುಳ್ಳು ಹೇಳಿದರೆ ಅದನ್ನು ತಿದ್ದಲು ನನಗೆ ಬಹಳ ಸಂಕೋಚ. ಹೇಳಿದವರ ಮನಸ್ಸಿಗೆ ನೋವಾಗಬಾರದಲ್ಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಳ್ಳುತ್ತೇನೆ. ನಿಜವಾದ ಕಾರಣ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಈಜಿನ ಸುಳ್ಳು ಹೇಳಿದವರು ನಮ್ಮ ಮದುವೆ ಮಾಡಿಸಿದ ದಲ್ಲಾಳಿ. ನನ್ನ ಮನೆ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಗೆ ತಾಗಿದ ಹಾಗೆ. ಹೆಣ್ಣಿನ ಮನೆ ಮಡಂತ್ಯಾರು. ನಾನಾಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಲೈಬ್ರರಿಯನ್ ಎಂಬವನ ಬಗ್ಗೆ ಹೆಣ್ಣು ನೋಡುವ ದಿನ ಹೆಚ್ಚು ಮಾತಾಡಲಿಕ್ಕೆ ಏನಿರುತ್ತದೆ? ಪುಸ್ತಕ ಕೊಡುತ್ತಾನೆ, ಪುಸ್ತಕ ತೆಗೆದುಕೊಳ್ಳುತ್ತಾನೆ. ಮಾತು ಮುಗಿದು ಎಲ್ಲರೂ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಾಗ ದಲ್ಲಾಳಿ ಚಾದ ಗ್ಲಾಸು ಕೆಳಗಿಟ್ಟು, "ಹುಡುಗ ನೇತ್ರಾವತಿಯನ್ನು ಈಚೆಯಿಂದ ಆಚೆಗೆ ದಾಟಿದವ" ಎಂದುಬಿಟ್ಟರು. ದಾಟಿದ್ದು ಹೌದು. ಎಪ್ರಿಲ್ ತಿಂಗಳಲ್ಲಿ. ಆಗ ನೀರು ಮೊಣಕಾಲಿಗೆ, ಹೆಚ್ಚೆಂದರೆ ಸೊಂಟಕ್ಕೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದುಕೊಂಡು ಯಾರು ಬೇಕಾದರೂ ದಾಟಬಹುದು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಶಶಿಕಲಾ ಒಮ್ಮೆ ಇಣುಕಿ ನೋಡಿದಳು. ಆ ನೋಟ ಕಂಡ ಮೇಲೆ ಎಪ್ರಿಲ್ ತಿಂಗಳ ವಿಷಯ ತೆಗೆಯಲು ನನ್ನಿಂದಾಗಲಿಲ್ಲ.

ಶಶಿಕಲಾಳ ತಮ್ಮ ಸುಧಾಕರ ಅಡುಗೆಯವನು. ಮೊದಲು ಮುಂಬೈಯ ಹೋಟೆಲು, ಆಮೇಲೆ ದುಬೈ, ಕೊನೆಗೆ ಮಾಲ್ದೀವ್ಸಿನ ಒಂದು ಹಡಗು. ಹಡಗು ಎಂದರೆ ಅಂಥ ದೊಡ್ಡದಲ್ಲ. ಎಂಟು ಜನ ಪ್ರವಾಸಿಗಳು ವಾರವಿಡೀ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ದಿನಕ್ಕೆ ಮೂರು ಸಲ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುತ್ತಾರೆ. ಮನುಷ್ಯವಾಸವೇ ಇಲ್ಲದ ದ್ವೀಪಗಳ ಸುತ್ತ ಅದರ ತಿರುಗಾಟ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಸುಧಾಕರ ಫೋನು ಮಾಡಿದ. "ಭಾವ, ಈ ಸಲದ ಟ್ರಿಪ್ಪಿನಲ್ಲಿ ಒಂದು ಸೀಟು ಖಾಲಿ ಉಂಟು. ನಿನ್ನ ಮನೆಯವರನ್ನು ಯಾರನ್ನಾದರೂ ಕರೆಸು ಅಂತ ಧಣಿಗಳು ಹೇಳಿದ್ದಾರೆ. ನೇತ್ರಾವತಿ ದಾಟಿದವರು ನೀವೇ ಅಲ್ವಾ, ನಿಮ್ಮ ಹೆಸರು ಕೊಟ್ಟಾಯ್ತು."

ನಮ್ಮ ಕಡೆ ಹೆಂಡತಿಯ ತಮ್ಮ ಪ್ರೀತಿಯಿಂದ ಕರೆದದ್ದಕ್ಕೆ ಇಲ್ಲ ಎನ್ನುವುದೆಂದರೆ ಮುಂದಿನ ಹತ್ತು ವರ್ಷದ ಎಲ್ಲ ಮದುವೆ ಮುಂಜಿಗಳಲ್ಲಿ ಅದಕ್ಕೆ ವಿವರಣೆ ಕೊಡುತ್ತಾ ಕೂರುವುದು. "ಲೈಬ್ರರಿಯಲ್ಲಿ ಸ್ಟಾಕು ಚೆಕ್ಕಿಂಗ್ ಉಂಟು" ಎಂದು ಗೊಣಗಿ ನೋಡಿದೆ. "ಪುಸ್ತಕಗಳು ಎಲ್ಲಿಗೆ ಓಡಿಹೋಗ್ತವೆ ಮಾರ್ರೆ? ಅವ ಎಷ್ಟು ಆಸೆಯಿಂದ ಕರೀತಿದ್ದಾನೆ" ಎಂದಳು ಶಶಿಕಲಾ. ಅವಳು ಆಗಲೇ ತಮ್ಮನಿಗೆ ಕಟ್ಟು ಕಟ್ಟಲು ತೊಡಗಿದ್ದಳು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ, ಮತ್ತು ಎರಡು ಸೇರು ಒಣಮೀನು. ಸುತ್ತಲೂ ಮೀನೇ ಇರುವ ಜಾಗಕ್ಕೆ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಒಣಮೀನು ಹೊತ್ತುಕೊಂಡು ಹೋದ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಮೂಸಿ ನೋಡಿ, ಬಹಳ ಬೇಸರದಿಂದ ನನ್ನ ಮುಖ ನೋಡಿ, ಹೋಗು ಎಂದು ಕೈ ಬೀಸಿದ.

ಹಡಗಿನಲ್ಲಿ ಆರು ಜನ ಮೂರು ಜೋಡಿಗಳಾಗಿ ಬಂದಿದ್ದರು. ಏಳನೆಯವರು ರೆನಾಟೆ ಎಂಬ ಜರ್ಮನ್ ಹೆಂಗಸು. ಅರವತ್ತು ದಾಟಿದ ಪ್ರಾಯ, ಊರಿನಲ್ಲಿ ಮದ್ದಿನ ಅಂಗಡಿ ನಡೆಸಿ ನಿವೃತ್ತರಾದವರು, ಕಡಿಮೆ ಮಾತು. ಎಂಟನೆಯವನು ನಾನು. ಮುಳುಗುವವರನ್ನು ಕರೆದುಕೊಂಡು ಹೋಗುವ ಇಬ್ರಾಹಿಂ ಮೊದಲ ದಿನವೇ ನಿಯಮ ಹೇಳಿದ. ನೀರೊಳಗೆ ಯಾರೂ ಒಬ್ಬರೇ ಇಳಿಯುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಜೋಡಿ ಮೇಲೆ ಬಂದರೆ ಇನ್ನೊಬ್ಬರೂ ಮೇಲೆ ಬರಬೇಕು. ಅವನು ಎಲ್ಲರ ಮುಂದೆ ಹೋಗುವವನಾದ್ದರಿಂದ ಯಾರ ಜೋಡಿಯೂ ಅಲ್ಲ. ಹೀಗೆ ನಾನು ರೆನಾಟೆಯ ಜೋಡಿಯಾದೆ. ಅವರು ಎದ್ದು ಬಂದು ನನ್ನ ಕೈ ಕುಲುಕಿದರು. ನೀವು ಒಂದು ದೊಡ್ಡ ನದಿಯನ್ನು ಈಜಿ ದಾಟಿದವರಂತೆ, ಸುಧಾಕರ ಹೇಳಿದ ಎಂದರು. ನಾನು ನಕ್ಕೆ. ಆ ನಗುವನ್ನು ಈಗ ನೆನೆದರೂ ನನಗೆ ನಾಚಿಕೆಯಾಗುತ್ತದೆ.

ಮೊದಲ ಎರಡು ದಿನ ಎದೆಮಟ್ಟದ ನೀರಿನಲ್ಲಿ ನನಗೆ ಪಾಠ. ಬಾಯಲ್ಲಿ ರಬ್ಬರು ನಳಿಗೆ ಕಚ್ಚಿಕೊಂಡು ಉಸಿರಾಡುವುದು ಹೇಗೋ ಬಂತು. ಕಿವಿ ಮಾತ್ರ ಮಾತು ಕೇಳಲಿಲ್ಲ. ಸ್ವಲ್ಪ ಆಚೆ ಹೋಗಿ ಒಂದಾಳು ಆಳಕ್ಕೆ ಇಳಿದರೆ ಸಾಕು, ಯಾರೋ ಎರಡೂ ಕಿವಿಗೆ ದಬ್ಬಣ ಚುಚ್ಚಿದ ಹಾಗಾಗಿ ನಾನು ಮೇಲಕ್ಕೆ ನುಗ್ಗುತ್ತಿದ್ದೆ. ಸುಧಾಕರ ಅಡುಗೆ ಕೋಣೆಯಿಂದಲೇ ಉಪಾಯ ಹೇಳಿದ. "ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟುವುದಿಲ್ವಾ ಭಾವ? ಆಗ ಉಗುಳು ನುಂಗುವುದಲ್ವಾ? ಹಾಗೇ. ಬಸ್ಸಲ್ಲಿ ಕೂತಿದ್ದೇನೆ ಅಂತ ಗ್ರಹಿಸಿ." ಚಾರ್ಮಾಡಿಯಲ್ಲಿ ನನಗೆ ಕಿವಿ ಕಟ್ಟುವುದರ ಜೊತೆಗೆ ವಾಂತಿಯೂ ಆಗುತ್ತದೆ ಎಂಬುದನ್ನು ಅವನು ಮರೆತಿದ್ದ. ನಾನು ಗ್ರಹಿಸಿದೆ, ಅದೂ ಆಯಿತು.

ಪ್ರತಿ ಸಲ ನಾನು ಮೇಲೆ ಬಂದಾಗಲೂ ನನ್ನ ಹಿಂದೆಯೇ ರೆನಾಟೆಯ ತಲೆ ನೀರಿನಿಂದ ಮೇಲೇಳುತ್ತಿತ್ತು. ಉಳಿದ ಆರು ಮಂದಿ ದಿನವಿಡೀ ಗದ್ದೆಯಲ್ಲಿ ದುಡಿದು ಬಂದವರ ಹಾಗೆ ಹಸಿದು ಮೇಲೆ ಬಂದು, ತಾವು ನೋಡಿದ ಆಮೆ, ಹಾವುಮೀನು, ಬಣ್ಣಬಣ್ಣದ ಹವಳಗಳ ಸುದ್ದಿ ಹೇಳುತ್ತಾ ಉಣ್ಣುತ್ತಿದ್ದರು. ನಾವಿಬ್ಬರು ಮೇಜಿನ ಕೊನೆಯಲ್ಲಿ ಸುಮ್ಮನೆ ಕೂರುತ್ತಿದ್ದೆವು. ಅಷ್ಟು ದೂರದಿಂದ ಬಂದ ಆ ಹೆಂಗಸು ನನ್ನ ದೆಸೆಯಿಂದ ನಾಲ್ಕು ದಿನ ಬಾವಿಯಷ್ಟು ಆಳವನ್ನೂ ಕಾಣಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಸುಖವಿತ್ತು. ಅವರು ಬೈಯಲಿಲ್ಲ. ನನ್ನ ಕಿವಿಗೆ ಯಾವುದೋ ಎಣ್ಣೆಯ ಹನಿ ಬಿಟ್ಟು ಹತ್ತಿ ಇಟ್ಟರು.

ನಾಲ್ಕನೆಯ ಮಧ್ಯಾಹ್ನ ನಾನು ಅಡುಗೆ ಕೋಣೆಗೆ ಹೋಗಿ, ಇನ್ನು ನೀರಿಗೆ ಇಳಿಯುವುದಿಲ್ಲ, ನಿನ್ನ ಜೊತೆ ನೀರುಳ್ಳಿ ಹೆಚ್ಚಿಕೊಂಡಿರುತ್ತೇನೆ ಎಂದೆ. ಸುಧಾಕರ ಚೂರಿ ಕೆಳಗಿಟ್ಟ.

"ಹಾಗೆ ಮಾಡಬೇಡಿ ಭಾವ. ನಾನು ಒಂದು ವಿಷಯ ನಿಮಗೆ ಹೇಳಲಿಲ್ಲ. ಬೇಜಾರು ಮಾಡಿಕೊಳ್ಳಬಾರದು."

"ಎಂಥದು?"

"ನಿಮ್ಮ ಸೀಟು ಆ ಮೇಡಮ್ಮಿನ ಗಂಡನದ್ದು. ಇಬ್ಬರೂ ಒಟ್ಟಿಗೆ ಬುಕ್ ಮಾಡಿದ್ದರು. ಅವರು ಮೊನ್ನೆ ಮಳೆಗಾಲದಲ್ಲಿ ತೀರಿಕೊಂಡರು. ಇವರು ಬರ್ತೇನೆ ಅಂದರು. ಆದರೆ ಜೋಡಿ ಇಲ್ಲದೆ ಇಳಿಯಲಿಕ್ಕಿಲ್ಲವಲ್ಲ, ಅದಕ್ಕೆ ಧಣಿಗಳು ಒಂದು ಜನ ಹುಡುಕಿದ್ದು."

ಅವನು ಉಳಿದದ್ದನ್ನೂ ಹೇಳಿದ. ರೆನಾಟೆಯ ಚೀಲದಲ್ಲಿ ಗಂಡನ ಕೈಗಡಿಯಾರ ಇದೆ. ಇಬ್ಬರೂ ಮೊದಲ ಸಲ ಒಟ್ಟಿಗೆ ಮುಳುಗಿದ ಹವಳದ ದಿಬ್ಬಕ್ಕೆ ಹಡಗು ಕೊನೆಯ ದಿನ ಮುಟ್ಟುತ್ತದೆ. ಅಲ್ಲಿ ಐದಾಳು ಆಳದಲ್ಲಿ ಅದನ್ನು ಬಿಟ್ಟು ಬರಬೇಕೆಂದೇ ಅವರು ಬಂದದ್ದು. "ನೀವು ಇಳಿಯದಿದ್ದರೆ ಅವರಿಗೂ ಇಲ್ಲ ಭಾವ" ಎಂದು ಅವನು ಪುನಃ ಚೂರಿ ಎತ್ತಿಕೊಂಡ.

ನಮ್ಮಲ್ಲಿ ಸತ್ತವರಿಗೆ ಬಡಿಸುವ ದಿನ ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಪ್ರಿಯವಾದದ್ದನ್ನೆಲ್ಲ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುತ್ತೇವೆ. ಸತ್ತವರು ಉಂಡು ಹೋದರು ಎಂದ ಮೇಲೆಯೇ ಉಳಿದವರ ಊಟ. ನಾಲ್ಕು ದಿನ ನಾನೇ ಆ ಮುಚ್ಚಿದ ಕೋಣೆಯೊಳಗೆ ಕೂತು, ಎರಡೆರಡು ಸಲ ಹಾಕಿಸಿಕೊಂಡು ಉಂಡ ಹಾಗಾಯಿತು ನನಗೆ. ತೀರಿಕೊಂಡವರ ಪಾಲಿನ ಮಂಚದಲ್ಲಿ ಮಲಗಿದ್ದೆ, ಅವರ ಕುರ್ಚಿಯಲ್ಲಿ ಕೂತು ಚಾ ಕುಡಿದಿದ್ದೆ. ಆ ದಿನದಿಂದ ಮೀನು ಬಡಿಸಿಕೊಳ್ಳಲಿಲ್ಲ. ರೆನಾಟೆಯ ಹತ್ತಿರ ಹೋಗಿ, ಅಮ್ಮಾ, ನನಗೆ ಈಜೇ ಬರುವುದಿಲ್ಲ ಎಂದು ಹೇಳಿಬಿಡಬೇಕೆಂದು ಎರಡು ಸಲ ಹೊರಟೆ. ಎರಡು ಸಲವೂ ಅವರು ನನ್ನ ಕಿವಿ ಹೇಗಿದೆ ಎಂದು ಕೇಳಿದರು. ಪರವಾಗಿಲ್ಲ ಎಂದು ಹಿಂದೆ ಬಂದೆ.

ಕೊನೆಯ ದಿನ ಬೆಳಿಗ್ಗೆ ಹಡಗಿನ ಅಂಚಿನಲ್ಲಿ ಕುಳಿತಾಗ ರೆನಾಟೆ ಗಂಡನ ಗಡಿಯಾರವನ್ನು ತಮ್ಮ ಕೈಗೆ ಕಟ್ಟಿಕೊಂಡಿದ್ದರು. ಅವರದ್ದೂ ಅದೇ ಥರದ್ದು, ಒಟ್ಟಿಗೆ ಕೊಂಡದ್ದು. ಎರಡೂ ಒಂದೇ ಮಣಿಕಟ್ಟಿನಲ್ಲಿ. ನನ್ನ ಕೈಯನ್ನು ಅವರು ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿ ಹಾರಿದೆ. ಮುಚ್ಚಿದ ಕಣ್ಣನ್ನು ಬಿಡಲೇ ಇಲ್ಲ. ಉಗುಳು ನುಂಗಿದೆ, ಮೂಗು ಹಿಡಿದು ಊದಿದೆ, ಘಾಟಿಯ ಒಂದೊಂದೇ ತಿರುವು ಎಣಿಸಿದೆ. ಎಲ್ಲೋ ಒಂದು ತಿರುವಿನಲ್ಲಿ ಕಿವಿ ಟಪ್ಪೆಂದು ಬಿಟ್ಟುಕೊಂಡಿತು. ಆಮೇಲೆ ನನ್ನ ಉಸಿರಿನ ಬುಸಬುಸ ಶಬ್ದ ಬಿಟ್ಟರೆ ಏನೂ ಇಲ್ಲ. ಎಷ್ಟು ಹೊತ್ತೋ ತಿಳಿಯದು. ರೆನಾಟೆಯ ಕೈ ನನ್ನ ಕೈಯನ್ನು ಬಿಟ್ಟಿತು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ. ಆಮೇಲೆ ಅದೇ ಕೈ ಬಂದು ನನ್ನ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಿತು. ನಾವು ಮೇಲೆ ಬಂದೆವು.

ಹಡಗು ಹತ್ತಿ ಮಾಸ್ಕು ತೆಗೆದಾಗ ಅವರ ಮುಖವೆಲ್ಲ ಊದಿಕೊಂಡಿತ್ತು. "ಅಳು ಬಂದುಬಿಟ್ಟಿತು. ಗಾಜೆಲ್ಲ ಮಂಜಾಯಿತು, ಏನೂ ಕಾಣಲಿಲ್ಲ. ನೀವು ನೋಡಿದಿರಲ್ಲ? ಎಲ್ಲಿಗೆ ಬಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಬ್ರಾಹಿಂ ಮತ್ತು ಉಳಿದವರು ಆಗಲೇ ಮುಂದೆ ಹೋಗಿದ್ದರು. ನೋಡಲು ಅಲ್ಲಿ ಇದ್ದವನು ನಾನೊಬ್ಬನೇ.

ನೋಡಿದೆ ಎಂದೆ. ಎರಡು ಬಂಡೆಗಳ ಸಂದಿಗೆ ನಿಧಾನವಾಗಿ ಇಳಿಯಿತು ಎಂದೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ಸಾಲದು ಎಂದು ತೋರಿ, ಒಂದು ಮೀನು ಬಂದು ಅದನ್ನು ನೋಡಿತು ಎಂದೆ. ಎಂಥ ಮೀನು? ನನಗೆ ಗೊತ್ತಿರುವುದು ಬಂಟ್ವಾಳದ ಮೀನು ಮಾರ್ಕೆಟಿನಲ್ಲಿ ಬುಟ್ಟಿಯಲ್ಲಿ ಮಲಗಿರುವ ಮೀನುಗಳು ಮಾತ್ರ. ಬಂಗುಡೆ ಎನ್ನಲು ಮನಸ್ಸು ಒಪ್ಪಲಿಲ್ಲ, ಇಂಥ ಸಂದರ್ಭಕ್ಕೆ ಅದು ತೀರಾ ಸಾಮಾನ್ಯ. ಇದ್ದುದರಲ್ಲಿ ಮರ್ಯಾದೆಯ ಮೀನೆಂದರೆ ಮಾಂಜಿ. ಅಗಲವಾಗಿ, ಬೆಳ್ಳಿ ಬಣ್ಣ, ಚಪ್ಪಟೆ, ಎಂದು ಕೈಯಲ್ಲಿ ಆಕಾರ ತೋರಿಸಿದೆ. ರೆನಾಟೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅದು ಬಾವಲಿಮೀನು, ನನ್ನ ಗಂಡನಿಗೆ ಅದೆಂದರೆ ಪ್ರಾಣ, ಪ್ರತಿ ಸಲ ಅವನ ಹಿಂದೆಯೇ ಬರುತ್ತಿತ್ತು ಎಂದು, ನನ್ನ ಭುಜಕ್ಕೆ ತಲೆಯಿಟ್ಟು ಅತ್ತರು. ಸುಧಾಕರ ದೂರದಿಂದ ಇದನ್ನು ನೋಡಿ ತಾನೂ ಕಣ್ಣೊರೆಸಿಕೊಂಡ. ಅತ್ತವರ ನಡುವೆ ನಾನೊಬ್ಬ ಒಣಗಿ ನಿಂತಿದ್ದೆ.

ಊರಿಗೆ ಬಂದು ಲೈಬ್ರರಿಯ ವಿಶ್ವಕೋಶದಲ್ಲಿ ಬಾವಲಿಮೀನಿನ ಚಿತ್ರ ಹುಡುಕಿದೆ. ಮಾಂಜಿಯ ದಾಯಾದಿಯ ಹಾಗೆಯೇ ಇತ್ತು. ಬೆಳ್ತಂಗಡಿಯಲ್ಲಿ ಯಾರ ಮನೆಯ ಮದುವೆಯಾದರೂ ಶಶಿಕಲಾ ನನ್ನನ್ನು ಮುಂದೆ ದೂಡಿ, ಸಮುದ್ರದ ಅಡಿಯಲ್ಲಿ ಏನೇನಿತ್ತು ಹೇಳಿ ಮಾರ್ರೆ ಎನ್ನುತ್ತಿದ್ದಳು. ಹೇಳುತ್ತಿದ್ದೆ. ಪ್ರತಿ ಹೊಸ ವರ್ಷಕ್ಕೆ ರೆನಾಟೆಯ ಕಾಗದ ಬರುತ್ತಿತ್ತು, ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: ಅದನ್ನು ನೋಡಿದವರು ಈ ಲೋಕದಲ್ಲಿ ನೀವೊಬ್ಬರೇ. ನಿಜ ಬರೆಯಲು ಕೂತದ್ದುಂಟು. ಆ ಸಾಲು ಓದಿದ ಮೇಲೆ ಯಾವ ಕೈಯಲ್ಲಿ ಬರೆಯುವುದು? ಇಲ್ಲಿ ಎಲ್ಲರೂ ಕ್ಷೇಮ, ಮಳೆ ಜೋರು ಎಂದು ಬರೆದು ಅಂಟಿಸುತ್ತಿದ್ದೆ.

ಕಳೆದ ತಿಂಗಳು ಬಂದ ಕಾಗದದ ಅಕ್ಷರ ಬೇರೆ ಇತ್ತು. ಬರೆದವಳು ಮಗಳು. ಅಮ್ಮ ಚಳಿಗಾಲದಲ್ಲಿ ತೀರಿಕೊಂಡರು. ತಮ್ಮ ಗಡಿಯಾರವನ್ನು ಅಪ್ಪನದರ ಪಕ್ಕದಲ್ಲೇ, ಅದೇ ಎರಡು ಬಂಡೆಗಳ ಸಂದಿಯಲ್ಲಿ ಇಡಬೇಕೆಂದು ಹೇಳಿ ಹೋಗಿದ್ದಾರೆ. ಹಡಗು ಗೊತ್ತು, ದಿಬ್ಬವೂ ಗೊತ್ತು. ಜಾಗ ಗೊತ್ತಿರುವವರು ಮಾತ್ರ ನೀವೊಬ್ಬರೇ, ದಯವಿಟ್ಟು ಬಂದು ತೋರಿಸಬೇಕು. ಅದರ ಬೆನ್ನಿಗೇ, ಇನ್ನೂ ಅದೇ ಹಡಗಿನಲ್ಲಿರುವ ಸುಧಾಕರನ ಫೋನು: "ಭಾವ, ನಿಮ್ಮ ಹೆಸರಲ್ಲಿ ಸೀಟು ಬರೆದಾಯ್ತು." ಶಶಿಕಲಾ ಕಾಗದ ಓದಿ ಕಣ್ಣೊರೆಸಿಕೊಂಡು, "ನೀವು ಹೋಗಲೇಬೇಕು. ಎಂಥ ನಂಬಿಕೆ ನೋಡಿ ಅವರದ್ದು" ಎಂದಳು. ಆರು ಸಲ ನಿಜ ಬರೆದೆ, ಆರು ಸಲ ಹರಿದೆ. ಏಳನೆಯ ಸಲ, ಬರುತ್ತೇನೆ, ಜಾಗ ಚೆನ್ನಾಗಿ ನೆನಪಿದೆ ಎಂದು ಬರೆದು ಅಂಚೆಗೆ ಹಾಕಿದೆ.

ಈಗ ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿ ಬಾಲ್ದಿಯ ನೀರಿಗೆ ಮುಖ ಮುಳುಗಿಸಿ ಕಣ್ಣು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಮೊದಮೊದಲು ಮೂರು ಎಣಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಈಗ ಇಪ್ಪತ್ತರವರೆಗೆ ಆಗುತ್ತದೆ. ಬಾಲ್ದಿಯ ತಳ ಸ್ಪಷ್ಟವಾಗಿ ಕಾಣುತ್ತದೆ: ಒಂದು ಕೂದಲು, ಒಂದು ಸಾಬೂನಿನ ಚೂರು. ಅಷ್ಟೇನೂ ಕಷ್ಟದ ಕೆಲಸವಲ್ಲ ಇದು. ಅವತ್ತು ರೆನಾಟೆಯ ಕೈ ನನ್ನ ಕೈ ಬಿಟ್ಟಾಗ ಮೂರು ಎಣಿಸುವಷ್ಟು ಹೊತ್ತು ಕಣ್ಣು ಬಿಟ್ಟಿದ್ದರೂ ಸಾಕಾಗುತ್ತಿತ್ತು.