ಮಾವನ ಚಾಚಿದ ಕಾಲು

ನಮ್ಮ ಮಾವನಷ್ಟು ಸೊಕ್ಕಿನ ಮನುಷ್ಯ ಕೊಪ್ಪಳದಿಂದ ಕುಷ್ಟಗಿಯವರೆಗೆ ಎಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಸಿಕ್ಕರೆ ದಯವಿಟ್ಟು ನನಗೆ ತಿಳಿಸಬೇಡಿ, ಒಬ್ಬರನ್ನು ತಾಳಿಕೊಂಡದ್ದೇ ಸಾಕಾಗಿದೆ!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಬೇವೂರಿನ ಕಡೆಯವರು, ಬಡಿಗರ ಮನೆತನ. ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ನಮ್ಮ ಮನೆಗೆ ಮನೆಅಳಿಯನಾಗಿ ಬಂದವರು ನಮ್ಮಲ್ಲೇ ಉಳಿದರು. ಮನೆಅಳಿಯ ಅಂದಮೇಲೆ ತುಸು ತಗ್ಗಿ ಬಗ್ಗಿ ಇರಬೇಕೋ ಬೇಡವೋ? ಇವರು ಬಂದ ದಿನವೇ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಬಲಗಾಲನ್ನು ಬಾಗಿಲ ಕಡೆ ಉದ್ದಕ್ಕೆ ಚಾಚಿ ಕೂತರಂತೆ. ಆಮೇಲೆ ಆ ಕಾಲು ಅಲ್ಲಿಂದ ಕದಲಲಿಲ್ಲ. ಬೀಗರು ಬರಲಿ, ಮಠದ ಸ್ವಾಮಿಗಳು ಬರಲಿ, ಮನೆಯೊಳಗೆ ಕಾಲಿಟ್ಟವರಿಗೆ ಮೊದಲ ದರ್ಶನ ಮಾವನ ಅಂಗಾಲಿನದು!

ಆಗ ನಿಜಾಮರ ಸರ್ಕಾರ. ಒಮ್ಮೆ ಕೊಪ್ಪಳದ ಕಚೇರಿಯ ಸಾಹೇಬರೊಬ್ಬರು ಗೊಂಬೆ ನೋಡಲು ಬಂದರು. ಅಪ್ಪ ಸೊಂಟ ಮುರಿಯುವಷ್ಟು ಬಾಗಿ ಸಲಾಮು ಹಾಕಿದ. ಮಾವ ಕಟ್ಟಿಗೆಯ ಗಿಳಿಗೆ ಹಸಿರು ಬಳಿಯುತ್ತ ಕೂತೇ ಇದ್ದರು. ಸಾಹೇಬರು ತಮ್ಮತ್ತ ಚಾಚಿದ ಪಾದವನ್ನು ನೋಡಿ ಕೆಂಪಗಾದರು.

"ಏನಪ್ಪಾ, ತಮೀಜು, ಮರ್ಯಾದಿ ಐತೋ ಇಲ್ಲೋ? ಕಾಲು ಹಿಂದಕ ತಗೋ."

"ಕಾಲು ತಗದ್ರ ಬಣ್ಣದ ಗಡಿಗಿ ಉಳ್ಳತಾವರಿ ಸಾಹೇಬ್ರ. ನೀವ ಎರಡು ಹೆಜ್ಜಿ ಹಿಂದಕ ಸರೀರಿ!"

ಸಾಹೇಬರು ಸರಿದರು ಅಂತೀರಾ? ಇಲ್ಲ, ಎದ್ದೇ ಹೋದರು. ಅವತ್ತು ಒಂದು ಗೊಂಬೆಯೂ ಮಾರಾಟವಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಇನ್ನೊಂದು ಸಿಟ್ಟೂ ಇತ್ತು. ನಮ್ಮ ಕೆಲಸದಲ್ಲಿ ಕೆತ್ತುವವನು ನೆಲಕ್ಕೆ ಕೂತು, ಎರಡೂ ಮೊಣಕಾಲು ಮಡಚಿ, ಮರದ ತುಂಡನ್ನು ಅಂಗಾಲುಗಳ ನಡುವೆ ಒತ್ತಿ ಹಿಡಿದು ಉಳಿ ಹೊಡೆಯಬೇಕು. ಮಾವ ಬಡಿಗರ ಮಗನಾಗಿಯೂ ಉಳಿ ಮುಟ್ಟಿದವರಲ್ಲ. ಬಣ್ಣ ಬಳಿಯುವುದಷ್ಟೇ. ಬೆವರು ಸುರಿಸುವ ಕೆಲಸ ಅವರ ಅಂತಸ್ತಿಗೆ ಕಡಿಮೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ನಡೆಯುವಾಗಲೂ ಆ ಬಲಗಾಲನ್ನು ಬೀಸಿ ಬೀಸಿ ಎಸೆಯುತ್ತ, ಊರೇ ತಮ್ಮದೆನ್ನುವ ಗತ್ತಿನಲ್ಲಿ ಹೋಗುತ್ತಿದ್ದರು. ದೇಶಮುಖರು ಸಹ ಹಾಗೆ ನಡೆಯುತ್ತಿರಲಿಲ್ಲ!

ಇಂಥವರ ಕೈಗೆ ನಾನು ಸಿಕ್ಕಿದ್ದು ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಬಯಲಲ್ಲಿ ಹುತುತು, ಅಂದರೆ ಕಬಡ್ಡಿ, ಆಡುತ್ತಿದ್ದೆ. ಯಲಬುರ್ಗಿಯ ಕಡೆಯವನೊಬ್ಬ ನನ್ನ ಪಾದ ಹಿಡಿದ, ನಾನು ಮೈ ತಿರುಗಿಸಿದೆ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೊಣಕಾಲೊಳಗೆ ಟಕ್ ಎಂದಿತು. ಸಂಜೆಯೊಳಗೆ ಅದು ಕುಂಬಳಕಾಯಿಯಾಯಿತು.

ಬಂಡಿ ಕಟ್ಟಿ ಕೊಪ್ಪಳದ ದವಾಖಾನೆಗೆ ಒಯ್ದರು. ಡಾಕ್ಟರು ಒತ್ತಿ ನೋಡಿ ಹೇಳಿದರು: "ಎಲುಬು ಗಟ್ಟಿ ಐತಿ. ಕೀಲು ಹಿಡದಿರೋ ಪಟ್ಟಿ ಹರದೈತಿ. ಒಂದು ತಿಂಗಳು ಅಲುಗಾಡಬಾರದು. ಆಮ್ಯಾಲೆ ದಿನಾ ಮಡಚಬೇಕು. ಮಡಚದಿದ್ರ ಕಾಲು ಹಂಗ ನೆಟ್ಟಗ ಉಳೀತೈತಿ." ಅವ್ವ ಕೇಳಿಸಿಕೊಂಡದ್ದು ಅಲುಗಾಡಬಾರದು ಎಂಬುದನ್ನು ಮಾತ್ರ. ಮಾವ ಎರಡನ್ನೂ ಕೇಳಿಸಿಕೊಂಡರು, ಅದೇ ನನ್ನ ಗ್ರಹಚಾರ.

ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು. ಮನೆಯಲ್ಲಿ ಕೆತ್ತುವವನು ನಾನೊಬ್ಬನೇ. ಕಾಲು ಮಡಚದಿದ್ದರೆ ನನ್ನ ಉಳಿಗೆ ತುಕ್ಕು, ಮನೆಯ ಒಲೆಗೆ ಬೂದಿ. ಇದು ನನಗೂ ಗೊತ್ತಿತ್ತು. ಗೊತ್ತಿದ್ದರೆ ನೋವು ಕಡಿಮೆಯಾಗುತ್ತದೆಯೇ?

ದವಾಖಾನೆಯ ಬಟ್ಟೆಪಟ್ಟಿ ಮಾವನಿಗೆ ಸೇರಲಿಲ್ಲ. "ಇದೇನು ಕಟ್ಟೋದು, ಮದುಮಗನ ಬಾಸಿಂಗ!" ಎಂದು ಬಿಚ್ಚಿ ಒಗೆದರು. ನಾವು ಗೊಂಬೆಯ ಕೀಲಿಗೆ ಹುಣಸೆ ಬೀಜದ ಅಂಟು, ಗೋಣಿಯ ಚೂರು, ಕಲ್ಲಿನ ಪುಡಿ ಕಲಸಿ ಮೆತ್ತುತ್ತೇವೆ. ಒಣಗಿದರೆ ಕಲ್ಲೇ. ಅದನ್ನೇ ನನ್ನ ತೊಡೆಯಿಂದ ಮೀನಖಂಡದವರೆಗೆ ಮೆತ್ತಿದರು. ಕಾಲು ಅಲುಗಲಿಲ್ಲ, ನಿಜ. ಆದರೆ ಹುಣಸೆ ಬೀಜದ ವಾಸನೆಗೆ ಓಣಿಯ ಆಡುಗಳೆಲ್ಲ ನನ್ನನ್ನು ನೆಕ್ಕಲು ಬಂದವು!

ತಿಂಗಳು ಕಳೆದು ಬಿಚ್ಚುವ ದಿನ ಬಂತು. ಬಿಸಿನೀರು ಸುರಿದು ನೆನೆಸಿ ಎಳೆದರು. ಮೆತ್ತುವ ಮೊದಲು ಒಳಗೊಂದು ಬಟ್ಟೆ ಸುತ್ತಬೇಕೆಂದು ಮಾವನಿಗೆ ಹೊಳೆದಿರಲೇ ಇಲ್ಲ. ಮರಕ್ಕೆ ಯಾರಾದರೂ ಬಟ್ಟೆ ಸುತ್ತಿ ಅಂಟು ಹಚ್ಚುತ್ತಾರೆಯೇ? ಕಾಲಿನ ಕೂದಲೆಲ್ಲ ಬೇರುಸಹಿತ ಕಿತ್ತು ಬಂತು. ನನ್ನ ಕೂಗಿಗೆ ಓಣಿಯೇ ನೆರೆಯಿತು. ಮಾವ ತಲೆ ಎತ್ತದೆ ಹೇಳಿದರು: "ಇಷ್ಟು ವರ್ಷದಾಗ ಯಾವ ಗೊಂಬೀನೂ ಹಿಂಗ ಒದರಿಲ್ಲ."

ಆಮೇಲೆ ಶುರುವಾಯಿತು ನಿಜವಾದ ಶಿಕ್ಷೆ. ಬೆಳಿಗ್ಗೆ ಮರಳಿನ ಚೀಲ ಪಾದಕ್ಕೆ ಕಟ್ಟಿ ಎತ್ತಿಸುವುದು. ಮಧ್ಯಾಹ್ನ ಬಿಸಿ ಔಡಲೆಣ್ಣೆ ತಿಕ್ಕುವುದು. ಸಂಜೆ ನೆಲಕ್ಕೆ ಕೂಡಿಸಿ ಹಿಮ್ಮಡಿಯನ್ನು ಕುಂಡಿಯ ಕಡೆಗೆ ಎಳೆಸುವುದು. ನಡುವೆ ಉಳಿದ ಜಾಗಕ್ಕೆ ಕಟ್ಟಿಗೆಯ ಗೊಂಬೆ ಇಟ್ಟು ಅಳೆಯುತ್ತಿದ್ದರು. ಮೊದಲ ವಾರ ಆನೆ ಹಿಡಿಸುವಷ್ಟು ಜಾಗ. "ಆನಿ ಹೋಗಿ ಎತ್ತು ಬರಬೇಕು. ಎತ್ತು ಹೋಗಿ ಗಿಳಿ. ಗಿಳೀನೂ ಹಾರಿಹೋದ ದಿನ ಉಳಿ ಹಿಡಿ." ಹೇಳುವವರು ಯಾರು? ಕಂಬಕ್ಕೊರಗಿ, ಕಾಲು ಚಾಚಿ ಕೂತ ಮಹಾರಾಜರು!

ಅವ್ವ ಬಾಗಿಲಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದಳು. "ಇವತ್ತೊಂದು ದಿನ ಬಿಡ್ರಿ ಅಣ್ಣಾರ. ಕೂಸು ಅಳಾಕತ್ತೈತಿ."

"ಕೂಸಿಗೆ ಮೀಸಿ ಬಂದಾವ. ನೀ ಒಳಗ ಹೋಗವಾ."

ಎತ್ತಿನ ಹತ್ತಿರ ಗಾಡಿ ನಿಂತಿತು. ಹತ್ತು ದಿನವಾದರೂ ಹಿಮ್ಮಡಿ ಕೂದಲೆಳೆಯಷ್ಟು ಸರಿಯಲಿಲ್ಲ. ಹನ್ನೊಂದನೆಯ ದಿನ ಮಾವ "ಇನ್ನೂ ಹತ್ತು ಸಲ" ಎಂದಾಗ ನನ್ನ ತಲೆ ಕೆಟ್ಟಿತು. ಕಟ್ಟಿಗೆಯ ಎತ್ತನ್ನು ಎತ್ತಿ ಗೋಡೆಗೆ ಬೀಸಿದೆ. ಕೋಡು ಮುರಿಯಿತು.

"ಊರಿಗೆಲ್ಲ ಕಾಲು ಚಾಚಿ ಕುಂದ್ರತೀರಿ. ಮೊದ್ಲು ನೀವು ಮಡಚ್ರಿ, ಆಮ್ಯಾಲೆ ನಾ ಮಡಚತೀನಿ!"

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಮಾವ ಬೈಯುತ್ತಾರೆ ಎಂದುಕೊಂಡೆ. ಅವರು ಧೋತರವನ್ನು ಮೊಣಕಾಲ ಮೇಲಕ್ಕೆ ಸರಿಸಿದರು. ಹಳೆಯ ಬೇವಿನ ಮರದ ಗಂಟಿನಂತಿತ್ತು ಆ ಮೊಣಕಾಲು. ಎರಡೂ ಕೈಯಿಂದ ಹಿಡಿದು ಎಳೆದರು. ನಾಲ್ಕು ಬೆರಳಿನಷ್ಟು ಬಾಗಿ ನಿಂತುಬಿಟ್ಟಿತು. ಆನೆಯಲ್ಲ, ಆ ಜಾಗದಲ್ಲಿ ನಿಜವಾದ ಕರುವೇ ಮಲಗಬಹುದಿತ್ತು.

"ಸಣ್ಣಾವಿದ್ದಾಗ ಗಿಡದ ಮ್ಯಾಲಿಂದ ಬಿದ್ದೆ. ದಿನಾ ಮಡಚು ಅಂದಿದ್ರು. ನಾ ಅಳತಿದ್ದೆ. ನಮ್ಮವ್ವ ಭಾಳ ಅಂತಃಕರಣದಾಕಿ. ಇವತ್ತೊಂದು ದಿನ ಬಿಡ್ರಿ ಅಂತಿದ್ಲು. ದಿನಾ ಅಂತಿದ್ಲು."

"ಯಾರಿಗೂ ಯಾಕ ಹೇಳಲಿಲ್ಲ ಮಾವಾ?"

"ಕುಂಟಗ ಯಾರು ಹೆಣ್ಣು ಕೊಡತಾರ? ಸೊಕ್ಕಿನವಗ ಕೊಡತಾರ. ನಿಮ್ಮತ್ತೀನ ನೋಡಾಕ ಬಂದ ದಿನಾನೂ ಹಿಂಗ ಕುಂತಿದ್ದೆ." ಧೋತರ ಇಳಿಸಿದರು. "ಉಳಿ ಹಿಡಿಯೋ ಆಸೆ ಭಾಳ ಇತ್ತು. ನಡಿ, ಇನ್ನೂ ಹತ್ತು ಸಲ."

ಹತ್ತಲ್ಲ, ಇಪ್ಪತ್ತು ಸಲ ಮಡಚಿದೆ. ಅಳುತ್ತಲೇ ಮಡಚಿದೆ. ಮುಂದಿನ ವಾರ ಎತ್ತು ಹೋಯಿತು, ಗಿಳಿ ಬಂತು. ಮತ್ತೆರಡು ತಿಂಗಳಿಗೆ ಗಿಳಿಯೂ ಹಾರಿತು. ಉಳಿ ಹಿಡಿದು ನಾನು ಮೊದಲು ಕೆತ್ತಿದ್ದು ಆ ಎತ್ತಿನ ಮುರಿದ ಕೋಡನ್ನು.

ಮರುವರ್ಷ ಗಂಗಾವತಿಯಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಮಾವ ಎಂದಿನಂತೆ ಕಾಲು ಚಾಚಿ ಕೂತರು. ಬಡಿಸುವವರು ಅನ್ನದ ಬುಟ್ಟಿ ಹಿಡಿದು ನಿಂತುಬಿಟ್ಟರು. "ಎಷ್ಟು ಸೊಕ್ಕು ನೋಡ್ರಿ, ಅನ್ನದೇವ್ರಿಗೂ ಕಾಲು ತೋರಸ್ತಾನ!" ಎಂದರು ಎದುರಿನವರು. ವರ್ಷದ ಹಿಂದೆ ಆ ಮಾತನ್ನು ಮೊದಲು ಆಡುತ್ತಿದ್ದವನು ನಾನೇ. ಈಗ ನನ್ನ ಎಲೆ ಬಿಟ್ಟು ಎದ್ದೆ. ಹೇಳಿಬಿಡಲೇ? ಅದು ಅವರ ಗುಟ್ಟು, ನನ್ನದಲ್ಲ. ಅವರ ಪಕ್ಕಕ್ಕೆ ಹೋಗಿ ಕೂತೆ. ವಾಸಿಯಾದ ನನ್ನ ಕಾಲನ್ನು ಅವರ ಕಾಲಿನ ಜೊತೆಗೇ ಉದ್ದಕ್ಕೆ ಚಾಚಿದೆ. ಈಗ ಅನ್ನಲಿ, ಇಬ್ಬರಿಗೂ ಅನ್ನಲಿ!

ಮಾವ ನನ್ನ ಕಾಲನ್ನು ನೋಡಿದರು. ಮುಖ ಕೆಂಪಾಯಿತು.

"ಏ, ಮಡಚಲೇ ಕಾಲು! ಇದಕ್ಕೇನು ನಾ ಅಷ್ಟು ಬಡಕೊಂಡಿದ್ದು?"

ಬೈಯುತ್ತಲೇ ಅಂಗೈಯಿಂದ ನನ್ನ ಮೊಣಕಾಲನ್ನು ಒತ್ತಿದರು. ಅದು ಪೂರ್ತಿ ಮಡಚಿಕೊಂಡಿತು. ಊಟ ಬಡಿಸಿ ಮುಗಿಯುವತನಕ ಅವರು ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.